ಓಪನ್‌ಬಿವಿಇಗೆ ನನ್ನದೇ ರೈಲು: ಕ್ಯಾಬಿನ ಸುತ್ತ ನೀಲಿ ಗೆರೆ, ಮೋಟಾರ್ ಸದ್ದು ಸೊಳ್ಳೆಯ ಥರ

ಲೂಪ್‌ಲೈನ್

ಎಲ್ಲರಿಗೂ ನಮಸ್ಕಾರ. ಓಪನ್‌ಬಿವಿಇ ಅನ್ನೋ ರೈಲು ಸಿಮ್ಯುಲೇಟರ್‌ಗೆ ನನ್ನದೇ ಒಂದು ಎಲೆಕ್ಟ್ರಿಕ್ ಲೋಕಲ್ ರೈಲು ಕಟ್ಟುತ್ತಿದ್ದೇನೆ. ಮೂರು ಫೇಸ್ ಮೋಟಾರ್, ಅದಕ್ಕೆ ಹೋಗುವ ಕರೆಂಟಿನ ಆವರ್ತನ ಬದಲಿಸುವ ಇನ್ವರ್ಟರ್ ಇರುವ ಬಗೆಯದು. ವೇಗ, ಬ್ರೇಕ್, ಬಾಗಿಲು ಎಲ್ಲ ಒಂದು ಹದಕ್ಕೆ ಬಂದಿವೆ. ರೈಲು ಹೊರಡುತ್ತೆ, ನಿಲ್ಲಬೇಕಾದ ಕಡೆ ನಿಲ್ಲುತ್ತೆ. ನಾನು ನಿಂತಿರುವುದು ಚಿತ್ರ ಮತ್ತು ಧ್ವನಿಯ ಫೈಲುಗಳ ಹತ್ತಿರ.

ಕ್ಯಾಬ್, ಅಂದರೆ ಚಾಲಕನ ಕೋಣೆಯ ಫೋಟೊದಲ್ಲಿ ಕಿಟಕಿ ಭಾಗ ಕತ್ತರಿಸಿ, ಸಿಮ್ ಪಾರದರ್ಶಕ ಅಂತ ಎಣಿಸುವ ಶುದ್ಧ ನೀಲಿ ತುಂಬಿದ್ದೇನೆ. ಕಿಟಕಿ ಪಾರದರ್ಶಕವಾಗಿ ಕಾಣುತ್ತೆ, ಆದರೆ ಚೌಕಟ್ಟಿನ ಸುತ್ತ ಮತ್ತು ವೈಪರ್ ಉದ್ದಕ್ಕೂ ತೆಳ್ಳಗೆ ನೀಲಿ ಗೆರೆ ಉಳಿದಿದೆ. ಜೆಪೆಗ್ ಬಿಟ್ಟು ಬಿಎಂಪಿ ಮಾಡಿದ ಮೇಲೆ ಚುಕ್ಕೆಗಳು ಹೋದವು, ಗೆರೆ ಹೋಗಿಲ್ಲ. ವೇಗಮಾಪಕದ ಮುಳ್ಳಿಗೂ ಇದೇ ಕಾಯಿಲೆ.

ಗಾಲಿ ಸದ್ದನ್ನು ಓಡುವ ಬೋಗಿಯೊಳಗೆ ಫೋನಿನಲ್ಲೇ ಹಿಡಿದದ್ದು, ಆಗ ವೇಗ ಸುಮಾರು 60 ಕಿ.ಮೀ. ಇತ್ತು. ಲೂಪ್ (ಮತ್ತೆ ಮತ್ತೆ ಕೇಳಿಸುವ ತುಣುಕು) ಸುತ್ತಿದಾಗಲೆಲ್ಲ ‘ಟಿಕ್’ ಅನ್ನುತ್ತೆ. ಜೊತೆಗೆ ಸಿಮ್‌ನಲ್ಲಿ 60ರಲ್ಲಿ ಓಡಿಸಿದರೆ ಸದ್ದು ಮಾತ್ರ ಯಾಕೋ ನಿಧಾನ, ಜೋಮು ಹಿಡಿದ ಹಾಗೆ. ಮೋಟಾರಿನದ್ದು ಇನ್ನೊಂದು ಕಥೆ. 20 ಕಿ.ಮೀ. ವೇಗದ ಒಂದೇ ತುಣುಕನ್ನು 100ರವರೆಗೂ ಶ್ರುತಿ ಏರಿಸಿಕೊಂಡು ಹೋಗಿದ್ದೇನೆ. 50 ದಾಟಿದ ಮೇಲೆ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗಾಗುತ್ತೆ.

ಕೊನೆಯದು: ನಿಲ್ದಾಣ ಹತ್ತಿರ ಬಂದಾಗ ಆಟ ತಡವರಿಸುತ್ತೆ. ಗೋಡೆ, ಪ್ಲಾಟ್‌ಫಾರಂ ಚಿತ್ರಗಳು 4096 ಅಳತೆಯ ಪಿಎನ್‌ಜಿಗಳು. ಡಿಸ್ಕ್‌ನಲ್ಲಿ ಒಂದೊಂದೂ ಕೆಲವೇ ಎಂಬಿ. ಅಷ್ಟಕ್ಕೇ ತಡವರಿಸಬಾರದಲ್ವಾ?

ಪಾಯಿಂಟ್ಸ್‌ಮನ್

ನೀಲಿ ಗೆರೆಗೆ ಸುಲಭ ಉಪಾಯ: ನೀಲಿ ತುಂಬುವುದನ್ನೇ ಬಿಟ್ಟು, ಆಲ್ಫಾ (ಪ್ರತಿ ಪಿಕ್ಸೆಲ್ ಎಷ್ಟು ಪಾರದರ್ಶಕ ಅನ್ನೋ ಮಾಹಿತಿ) ಇರುವ ಪಿಎನ್‌ಜಿ ಮಾಡಿ. ಈಗಿನ ಆವೃತ್ತಿಗಳು ಅದನ್ನು ಚೆನ್ನಾಗಿಯೇ ಓದುತ್ತವೆ. 4096 ಯಾಕೆ ಬೇಕು ಸ್ವಾಮಿ, ಗೋಡೆಯ ಮೇಲಿನ ಇರುವೆ ಎಣಿಸೋಕಾ? 1024 ಸಾಕು. ಧ್ವನಿ ನನಗೆ ತಿಳಿಯದು, ಹಳೇ ಕಂಬಿ ಸರ್ ಬರಲಿ.

ಹಳೇ ಕಂಬಿ

ಬಂದೆ. ಧ್ವನಿಯಿಂದ ಶುರು ಮಾಡ್ತೀನಿ, ಚಿತ್ರದ ವಿಷಯ ಇನ್ನೊಂದು ಉತ್ತರದಲ್ಲಿ ಬರೀತೀನಿ.

ಲೂಪ್‌ಲೈನ್ ಅವರೇ, ಸಿಮ್ಯುಲೇಟರ್ ನಿಮ್ಮ ಫೈಲನ್ನು ಇದ್ದ ಹಾಗೆ ತೋರಿಸುವ, ಕೇಳಿಸುವ ಸಾಧನ ಅಲ್ಲ. ಧ್ವನಿಯನ್ನು ಅದು ಎಳೆಯುತ್ತೆ, ಸುತ್ತಿಸುತ್ತೆ, ಇನ್ನೊಂದು ಧ್ವನಿಯ ಮೇಲೆ ಪೇರಿಸುತ್ತೆ. ಚಿತ್ರವನ್ನು ಕುಗ್ಗಿಸುತ್ತೆ, ಓರೆ ಮಾಡುತ್ತೆ, ಪಕ್ಕದ ಪಿಕ್ಸೆಲ್ ಜೊತೆ ಬೆರೆಸುತ್ತೆ. ನೀವು ಎಡಿಟರ್‌ನಲ್ಲಿ ಕೇಳಿ, ನೋಡಿ ‘ಚೆನ್ನಾಗಿದೆ’ ಅಂತ ಒಪ್ಪಿಕೊಂಡದ್ದು ಅಲ್ಲಿ ಲೆಕ್ಕಕ್ಕಿಲ್ಲ. ಎಳೆದ ಮೇಲೆ, ಕುಗ್ಗಿಸಿದ ಮೇಲೆ ಏನು ಉಳಿಯುತ್ತೆ ಅನ್ನೋದಕ್ಕೆ ಫೈಲು ತಯಾರಾಗಬೇಕು. ನೀವು ಹೇಳಿದ ನಾಲ್ಕು ತೊಂದರೆಗಳೂ ಇದೇ ಬೇರಿನವು.

ಗಾಲಿ ಸದ್ದು ನೋಡಿ. ರನ್ ಫೈಲು, ಅಂದರೆ ಗಾಲಿ ಸದ್ದಿನ ಫೈಲು, ಗಂಟೆಗೆ 90 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರಿನಲ್ಲಿ ಹಿಡಿದದ್ದು ಅಂತಲೇ ಓಪನ್‌ಬಿವಿಇ ಎಣಿಸುತ್ತೆ. ಆ ವೇಗದಲ್ಲಿ ಮಾತ್ರ ಅದು ಮೂಲ ಶ್ರುತಿಯಲ್ಲಿ ಕೇಳುತ್ತೆ. 45ಕ್ಕೆ ಶ್ರುತಿ ಅರ್ಧ. ನಿಮ್ಮ ಫೈಲು 60ರದ್ದು. ಸಿಮ್ 60ರಲ್ಲಿ ಓಡುವಾಗ ಅದನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತೆ. ನಿಮ್ಮ ಕಿವಿಗೆ ಬೀಳುವುದು 40ರ ಸದ್ದು. ಜೋಮು ಹಿಡಿದದ್ದು ಅದಕ್ಕೇ. ಅಡಾಸಿಟಿ ಅನ್ನೋ ಧ್ವನಿ ಎಡಿಟರ್‌ನಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಾಯಿಸುವ ‘ಚೇಂಜ್ ಸ್ಪೀಡ್’ ಎಫೆಕ್ಟ್ ಇದೆ, ಅದರಲ್ಲಿ 1.5 ಪಟ್ಟು ಕೊಡಿ. ‘ಚೇಂಜ್ ಟೆಂಪೊ’ ಕಡೆ ಹೋಗಬೇಡಿ, ಅದು ಶ್ರುತಿಯನ್ನು ಹಿಡಿದಿಟ್ಟು ಬರೀ ಕಾಲವನ್ನು ಕುಗ್ಗಿಸುತ್ತೆ. ನಮಗೆ ಎರಡೂ ಒಟ್ಟಿಗೆ ಏರಬೇಕು.

ಕಂಬಿಯ ಜೋಡಣೆಗಳು ಕೇಳುವ ರೆಕಾರ್ಡಿಂಗ್ ಆದರೆ ಲೆಕ್ಕ ಇನ್ನೂ ಚೆಂದ. 13 ಮೀಟರಿನ ಕಂಬಿ ಅಂದುಕೊಳ್ಳಿ. 60 ಕಿ.ಮೀ. ವೇಗದಲ್ಲಿ 0.78 ಸೆಕೆಂಡಿಗೊಂದು ಜೋಡಣೆ ಬರುತ್ತೆ. 1.5 ಪಟ್ಟು ಏರಿಸಿದ ಮೇಲೆ ಅದು 0.52 ಸೆಕೆಂಡ್. 90ರಲ್ಲಿ 13 ಮೀಟರ್ ದಾಟಲು ಹಿಡಿಯುವ ಕಾಲವೂ ಅಷ್ಟೇ. ಹಾಗಾಗಿ ಲೂಪಿನ ಉದ್ದ 0.52ರ ಪೂರ್ಣ ಗುಣಕವಾಗಿರಬೇಕು: 20 ಕಂಬಿಗೆ 10.4 ಸೆಕೆಂಡ್. ನೀವು ಸುಮ್ಮನೆ 10 ಸೆಕೆಂಡಿಗೆ ಕತ್ತರಿಸಿದರೆ ಪ್ರತಿ ಸುತ್ತಿನಲ್ಲೂ ಒಂದು ಕಂಬಿ ಗಿಡ್ಡ. ಅದನ್ನು ಕಿವಿ ತಕ್ಷಣ ಹಿಡಿಯುತ್ತೆ, ಯಾಕೆ ಅಂತ ಗೊತ್ತಾಗದಿದ್ದರೂ. ಬೆಸುಗೆ ಹಾಕಿದ ಉದ್ದ ಹಳಿಯಾದರೆ ಈ ತಲೆನೋವಿಲ್ಲ, ಆದರೆ ಆಗಲೂ ಎಂಟು ಹತ್ತು ಸೆಕೆಂಡಿಗಿಂತ ಚಿಕ್ಕ ಲೂಪ್ ಬೇಡ. ಯಾರೋ ಕೆಮ್ಮಿದ್ದು, ಕಿಟಕಿ ಗಡಗಡ ಅಂದದ್ದು ಒಳಗಿದ್ದರೆ ಎರಡು ನಿಲ್ದಾಣ ಕಳೆಯುವುದರೊಳಗೆ ಆ ಕೆಮ್ಮು ಪರಿಚಯದವರ ಕೆಮ್ಮಾಗಿಬಿಡುತ್ತೆ.

ಇನ್ನು ‘ಟಿಕ್’. ಫೈಲಿನ ಕೊನೆಯ ಸ್ಯಾಂಪಲ್ (ಧ್ವನಿ ಅಲೆಯ ಒಂದು ಅಳತೆ) ಒಂದು ಎತ್ತರದಲ್ಲಿ, ಮೊದಲ ಸ್ಯಾಂಪಲ್ ಇನ್ನೊಂದು ಎತ್ತರದಲ್ಲಿ ಇದ್ದರೆ ಸುತ್ತುವಾಗ ಸ್ಪೀಕರ್ ಒಂದೇ ಏಟಿಗೆ ಹಾರಬೇಕು. ಅದೇ ಟಿಕ್. ಎರಡೂ ತುದಿ ಸೊನ್ನೆ ಗೆರೆ ದಾಟುವ ಜಾಗದಲ್ಲಿರಲಿ ಅಂತ ಎಲ್ಲರೂ ಹೇಳ್ತಾರೆ. ಅಡಾಸಿಟಿಯಲ್ಲಿ ಝಡ್ ಕೀಲಿ ಒತ್ತಿದರೆ ಆಯ್ಕೆಯ ತುದಿಗಳು ತಾವೇ ಅಲ್ಲಿಗೆ ಸರಿಯುತ್ತವೆ. ಸಾಲದು. ಒಂದು ತುದಿ ಮೇಲಕ್ಕೆ ಹೋಗುತ್ತಾ ಸೊನ್ನೆ ದಾಟಿ, ಇನ್ನೊಂದು ಕೆಳಕ್ಕೆ ಇಳಿಯುತ್ತಾ ದಾಟಿದರೆ ಅಲ್ಲಿ ಚೂಪು ಮೂಲೆ ಉಳಿಯುತ್ತೆ. ಎರಡೂ ಒಂದೇ ದಿಕ್ಕಿಗೆ ದಾಟಬೇಕು. ಅದೂ ಸರಿಹೋದ ಮೇಲೆ, ಹಿನ್ನೆಲೆಯ ಭೋರ್ ಶಬ್ದ ಶುರುವಿನಲ್ಲಿ ಒಂದು ಬಣ್ಣ, ಕೊನೆಯಲ್ಲಿ ಇನ್ನೊಂದು ಬಣ್ಣ ಇದ್ದರೆ ಟಿಕ್ ಬದಲು ‘ವ್ಹೂಪ್’ ಕೇಳುತ್ತೆ.

ನಾನು ಮಾಡೋದು ಇಷ್ಟು: ಬೇಕಾದ ಉದ್ದಕ್ಕಿಂತ ಅರ್ಧ ಸೆಕೆಂಡ್ ಹೆಚ್ಚು ಇಟ್ಟುಕೊಂಡು, ಕೊನೆಯ ಅರ್ಧ ಸೆಕೆಂಡನ್ನು ಕತ್ತರಿಸಿ ಇನ್ನೊಂದು ಟ್ರ್ಯಾಕಿಗೆ ಹಾಕಿ ಶುರುವಿನ ಕೆಳಗೆ ಜೋಡಿಸ್ತೀನಿ. ಬಾಲ ಇಳಿಯುತ್ತಾ ಹೋಗಲಿ, ತಲೆ ಏರುತ್ತಾ ಬರಲಿ, ಆಮೇಲೆ ಎರಡನ್ನೂ ಬೆರೆಸಿ ಒಂದೇ ಟ್ರ್ಯಾಕ್. ಈಗ ಫೈಲಿನ ಕೊನೆ ಸಹಜವಾಗಿ ಅದರ ಶುರುವಿಗೆ ಹೋಗಿ ಸೇರುತ್ತೆ, ಯಾಕಂದ್ರೆ ಮೂಲದಲ್ಲಿ ಅವು ಅಕ್ಕಪಕ್ಕದ ತುಣುಕುಗಳೇ. ಗಾಲಿಯ ಭೋರ್ ಶಬ್ದಕ್ಕೆ ಏರಿಳಿತ ನೇರ ಗೆರೆಯಲ್ಲಿದ್ದರೆ ನಡುವೆ ಸದ್ದು ಕುಸಿಯುತ್ತೆ. ಮಧ್ಯಬಿಂದುವಿನಲ್ಲಿ ಎರಡೂ ಸುಮಾರು 0.7 ಇರುವ ಕರ್ವ್ ಆರಿಸಿ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ‘ಕಾನ್‌ಸ್ಟಂಟ್ ಪವರ್’ ಅಂತಾರೆ.

ಕೊನೆಗೆ ಉಳಿಸುವಾಗ ವೇವ್, 16 ಬಿಟ್, ಸೆಕೆಂಡಿಗೆ 44100 ಸ್ಯಾಂಪಲ್. ಎಂಪಿ3 ಬೇಡವೇ ಬೇಡ. ಎನ್‌ಕೋಡರ್ ತಾನಾಗಿ ತಲೆಗೂ ಬಾಲಕ್ಕೂ ಸ್ವಲ್ಪ ಮೌನ ಅಂಟಿಸುತ್ತೆ, ನೀವು ಜೋಡಿಸಿದ್ದೆಲ್ಲ ನೀರುಪಾಲು. ಫೋನಿನ ಮಾಮೂಲಿ ರೆಕಾರ್ಡರ್ ಇನ್ನೊಂದು ತಂಟೆ ಮಾಡುತ್ತೆ: ಹಾರ್ನ್ ಹೊಡೆದ ಕೂಡಲೇ ತಾನೇ ಧ್ವನಿ ತಗ್ಗಿಸಿ, ಆಮೇಲೆ ಮೆಲ್ಲಗೆ ಏರಿಸುತ್ತೆ. ಆ ಉಬ್ಬರ ಇಳಿತ ಲೂಪಿನಲ್ಲಿ ಎದ್ದು ಕೇಳುತ್ತೆ. ಈ ಸ್ವಯಂ ಹೊಂದಾಣಿಕೆಯನ್ನು ಆಫ್ ಮಾಡಬಹುದಾದ, ನೇರ ವೇವ್ ಉಳಿಸುವ ಆ್ಯಪ್ ಹುಡುಕಿಕೊಳ್ಳಿ.

ಮತ್ತೆ, ಫೈಲು ಮೊನೊ ಇರಲಿ, ಅಂದರೆ ಒಂದೇ ಚಾನೆಲ್. ಓಪನ್‌ಎಎಲ್ ಅನ್ನೋ ಧ್ವನಿ ವ್ಯವಸ್ಥೆ ಮೊನೊ ಸದ್ದನ್ನು ಮಾತ್ರ ಮೂರು ಆಯಾಮದ ಜಾಗದಲ್ಲಿ ಕೂರಿಸುತ್ತೆ. ಸ್ಟೀರಿಯೊ ಕೊಟ್ಟರೆ ಹಾಗೆ ಕೂರಿಸುವುದಿಲ್ಲ. ಕೆಲವು ಸಿಮ್‌ಗಳು ಸ್ಟೀರಿಯೊವನ್ನು ತಾವೇ ಬೆರೆಸಿ ಮೊನೊ ಮಾಡಿಕೊಳ್ಳುತ್ತವೆ, ಆದರೆ ಎಡಬಲ ಮೈಕ್ ದೂರ ದೂರ ಇದ್ದ ರೆಕಾರ್ಡಿಂಗ್ ಬೆರೆಸಿದರೆ ಕೆಲವು ಆವರ್ತನಗಳು ಒಂದನ್ನೊಂದು ತಿಂದುಹಾಕಿ ಸದ್ದು ಟೊಳ್ಳಾಗುತ್ತೆ. ಬೆರೆಸುವ ಬದಲು ಎರಡರಲ್ಲಿ ಒಳ್ಳೇ ಚಾನೆಲ್ ಇಟ್ಟುಕೊಂಡು ಇನ್ನೊಂದನ್ನು ಎಸೆಯಿರಿ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತೇ ಇಲ್ಲ.

ಮೋಟಾರ್. ನಿಮ್ಮ ಸೊಳ್ಳೆ ಹುಟ್ಟಿದ್ದು 20ರ ತುಣುಕನ್ನು ಐದು ಪಟ್ಟು ಎಳೆದದ್ದರಿಂದ. ರೈಲಿನ ಗುಣಗಳನ್ನು ಬರೆಯುವ ಟ್ರೈನ್ ಡ್ಯಾಟ್ ಫೈಲಿನ ಮೋಟಾರ್ ಪಟ್ಟಿಯಲ್ಲಿ ಒಂದೊಂದು ಸಾಲೂ 0.2 ಕಿ.ಮೀ. ಹೆಜ್ಜೆ. ಶ್ರುತಿಗೆ 100 ಅಂದರೆ ಮೂಲ, ಧ್ವನಿಮಟ್ಟಕ್ಕೆ 128 ಅಂದರೆ ಮೂಲ. 40 ಕಿ.ಮೀ. ವೇಗದಲ್ಲಿ ಹಿಡಿದ ತುಣುಕಾದರೆ ಶುರುವಿಂದ 200 ಹೆಜ್ಜೆ ದೂರದ ಸಾಲಿನಲ್ಲಿ ಅದಕ್ಕೆ 100 ಬರಬೇಕು. ಅದೇ ತುಣುಕು 32ರಲ್ಲಿ 80, 50ರಲ್ಲಿ 125. ನಾನು ಈ 80–125ರ ಬೇಲಿ ದಾಟುವುದಿಲ್ಲ. ಅದರಾಚೆ ಹೋದರೆ ಮೋಟಾರಿನ ಕೂಗಿನ ಜೊತೆಗೆ ಬೋಗಿಯ ಪೆಟ್ಟಿಗೆ ಅನುರಣಿಸುವ ಸದ್ದೂ ಏರಿಬಿಡುತ್ತೆ. ನಿಜವಾದ ಗಾಡಿಯಲ್ಲಿ ಪೆಟ್ಟಿಗೆ ತನ್ನ ಗಾತ್ರ ಬದಲಿಸಲ್ಲವಲ್ಲ! ಅದಕ್ಕೇ ಗಾಡಿ ಚಿಕ್ಕದಾದ ಹಾಗೆ ಕೇಳೋದು. ಮುಂದಿನ ತುಣುಕಿಗೆ ದಾಟುವಾಗ, ಮೋಟಾರ್ ಎಳೆಯುವಾಗಿನ ಎರಡು ಪಟ್ಟಿಗಳಲ್ಲಿ, ಪಿ1ರಲ್ಲಿ ಹಳೆಯದು ಇಳಿಯಲಿ, ಪಿ2ರಲ್ಲಿ ಹೊಸದು ಏರಲಿ. ನಡುವಿನ ಸಾಲಿನಲ್ಲಿ ಎರಡರ ಧ್ವನಿಮಟ್ಟವೂ 64 ಅಲ್ಲ, 90ರ ಆಸುಪಾಸು. ಮೇಲೆ ಹೇಳಿದ 0.7 ಇದೇ. ಬ್ರೇಕಿಗೆ ಬಿ1, ಬಿ2 ಪಟ್ಟಿಗಳಿವೆ, ಅವಕ್ಕೂ ಇದೇ ನಿಯಮ.

ಇದು ಹಲ್ಲುಗಾಲಿಯ ಕೂಗಿಗೆ ಮತ್ತು ಹಳೇ ಡಿಸಿ ಮೋಟಾರಿಗೆ ನೇರವಾಗಿ ಹೊಂದುತ್ತೆ. ನಿಮ್ಮದು ಇನ್ವರ್ಟರ್. ಅದರ ಸದ್ದು ವೇಗದ ಜೊತೆ ಒಂದೇ ಸಮ ಏರಲ್ಲ. ಹೊರಡುವಾಗ ಸ್ವಿಚಿಂಗ್ ಆವರ್ತನ ಸ್ಥಿರವಾಗಿರುತ್ತೆ, ವೇಗ ಏರಿದರೂ ಶ್ರುತಿ ಅಲ್ಲೇ. ಆಮೇಲೆ ಮೋಟಾರಿಗೆ ಹೋಗುವ ಆವರ್ತನಕ್ಕೆ ಕಟ್ಟಿಹಾಕಿದ ಹಂತಗಳು ಬರುತ್ತವೆ: ಹಂತದೊಳಗೆ ಶ್ರುತಿ ಏರುತ್ತೆ, ಹಂತ ಬದಲಾದಾಗ ಥಟ್ಟನೆ ಬೀಳುತ್ತೆ, ಮತ್ತೆ ಏರುತ್ತೆ. ಅಡಾಸಿಟಿಯಲ್ಲಿ ಟ್ರ್ಯಾಕನ್ನು ಸ್ಪೆಕ್ಟ್ರೊಗ್ರಾಮ್ ನೋಟಕ್ಕೆ ತನ್ನಿ, ಯಾವ ಹೊತ್ತಿಗೆ ಯಾವ ಆವರ್ತನ ಇದೆ ಅಂತ ಅದು ಗೆರೆಗಳಲ್ಲಿ ತೋರಿಸುತ್ತೆ. ಮಟ್ಟಸ ಗೆರೆಗಳಿರುವ ಕಡೆ ಪಟ್ಟಿಯಲ್ಲಿ ಶ್ರುತಿ 100ರಲ್ಲೇ ನಿಲ್ಲಬೇಕು, ಓರೆ ಗೆರೆಗಳಿರುವ ಕಡೆ ಏರಬೇಕು, ಗೆರೆ ತುಂಡಾದ ಕಡೆ ಹೊಸ ತುಣುಕು. ಕಿವಿಯಿಂದ ಊಹಿಸುವುದಕ್ಕಿಂತ ಇದು ಬೇಗ. ಆಸ್ಟ್ರಿಯಾದ 1016, 1116 ಟಾರಸ್ ಎಂಜಿನ್‌ಗಳು, ಜಪಾನಿನ ಕೇಕ್ಯೂ 2100 ರೈಲು ಹೊರಡುವಾಗ ಸ್ವರ ಹಾಡಿದ ಹಾಗೆ ಕೇಳುತ್ತಿದ್ದವಲ್ಲ, ಎರಡರಲ್ಲೂ ಸೀಮೆನ್ಸ್ ಉಪಕರಣ. ಅಲ್ಲಿ ಆವರ್ತನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಅಂಥ ಗಾಡಿಗೆ ಓರೆ ಪಟ್ಟಿ ಬರೆದರೆ ಹಾಡೇ ಹೋಯಿತು.

ಮೆಲುದನಿ

ಒಳ್ಳೇ ವಿವರ ಸರ್. ನಾನೊಂದು ಸೇರಿಸ್ತೀನಿ: ಎಲ್ಲ ಫೈಲಿಗೂ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಹೈಪಾಸ್ ಫಿಲ್ಟರ್ ಹಾಕಿ ತೆಗೆದುಬಿಡಿ, ಗಾಳಿಯ ಬುಸ್ ಬುಸ್ ಹೋಗುತ್ತೆ. ಆಮೇಲೆ ಪ್ರತಿಯೊಂದನ್ನೂ 0 ಡೆಸಿಬಲ್‌ಗೆ ನಾರ್ಮಲೈಜ್ ಮಾಡಿ, ಅಂದರೆ ಅತಿ ಜೋರಾದ ಜಾಗ ಫೈಲಿನ ಮೇಲ್ಮಿತಿ ಮುಟ್ಟುವಷ್ಟು ಏರಿಸಿ. ಸದ್ದು ಗಟ್ಟಿಯಾಗಿ ಬರುತ್ತೆ.

ಡೀಸೆಲ್ ಹೊಗೆ

ಹೈಪಾಸ್ ವಿಷಯದಲ್ಲಿ ನನ್ನ ತಕರಾರಿದೆ. ನಾನು ಓಪನ್ ರೈಲ್ಸ್ ಅನ್ನೋ ಇನ್ನೊಂದು ಸಿಮ್‌ಗೆ ಡೀಸೆಲ್ ಮಾಡುವವನು. 16 ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 400 ಸುತ್ತಿನಲ್ಲಿ ಐಡಲ್ ಆಗಿರುವಾಗ ಸೆಕೆಂಡಿಗೆ ಸುಮಾರು 53 ಸ್ಫೋಟ. ಎಂಟನೇ ನಾಚ್‌ನಲ್ಲಿ (ಥ್ರಾಟಲಿನ ಕೊನೆಯ ಹಂತ) 1000 ಸುತ್ತು ಅಂದರೆ 133. ನಿಮ್ಮ 100 ಹರ್ಟ್ಸ್ ಫಿಲ್ಟರ್ ಐಡಲ್‌ನ ಮೂಲ ಸ್ವರವನ್ನೇ ನುಂಗಿಹಾಕುತ್ತೆ. ಗಾಳಿ ತಡೆಯೋದಕ್ಕೆ ಮೈಕಿಗೆ ತುಪ್ಪಳದ ಕವಚ ಹಾಕಬೇಕು, ಫಿಲ್ಟರ್ ಬೇಕೇ ಬೇಕು ಅಂದರೆ 30ಕ್ಕೆ ನಿಲ್ಲಿಸಿ.

ಡೀಸೆಲ್ ಲೂಪಿಗೂ ಹಳೇ ಕಂಬಿ ಅವರ ಕಂಬಿ ಲೆಕ್ಕದಂಥದ್ದೇ ಒಂದಿದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನ ಒಂದು ಪೂರ್ಣ ಆವರ್ತ ಅಂದರೆ ಎರಡು ಸುತ್ತು, 400ರಲ್ಲಿ 0.3 ಸೆಕೆಂಡ್, 44100 ದರದಲ್ಲಿ 13230 ಸ್ಯಾಂಪಲ್. ಲೂಪ್ ಅದರ ಪೂರ್ಣ ಗುಣಕವಾಗಿಲ್ಲದಿದ್ದರೆ ಎಂಜಿನ್ ಮುಗ್ಗರಿಸಿದ ಹಾಗಾಗುತ್ತೆ. ಐಡಲ್‌ನಿಂದ ಎಂಟಕ್ಕೆ ಶ್ರುತಿ 2.5 ಪಟ್ಟು, ಹಾಗಾಗಿ ಒಂದು ತುಣುಕಿನಲ್ಲಿ ಎಳೆಯುವ ಆಸೆ ಬಿಡಿ, ಕನಿಷ್ಠ ನಾಲ್ಕು ಬೇಕು. ಇನ್ನೊಂದು: ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಕಾಲದ, ಧ್ವನಿಯ ವಿವರ ಬರೆಯುವ ಎಸ್‌ಎಂಎಸ್ ಫೈಲುಗಳನ್ನು ಯೂನಿಕೋಡ್ ಆಗಿಯೇ ಉಳಿಸಬೇಕು. ಸಾದಾ ಪಠ್ಯವಾಗಿ ಉಳಿಸಿದರೆ 2001ರ ಆ ಮೂಲ ಆಟ ಓದುವುದಿಲ್ಲ. ಇದು ಇಲ್ಲಿ ಸ್ವಲ್ಪ ದಾರಿ ತಪ್ಪಿದ ಮಾತು, ಆದರೂ ಯಾರಿಗಾದರೂ ಬೇಕಾದೀತು.

ಹಳೇ ಕಂಬಿ

ಡೀಸೆಲ್ ಹೊಗೆ ಹೇಳಿದ್ದು ಸರಿ. 0 ಡೆಸಿಬಲ್ ಮಾತಿಗೆ ನಾನು ಅಡ್ಡ. ಗಾಡಿ ಓಡುವಾಗ ಗಾಲಿ, ಮೋಟಾರ್, ಕಂಪ್ರೆಸರ್, ಹಾರ್ನ್ ಒಟ್ಟಿಗೆ ಕೂಗುತ್ತವೆ. ಎಲ್ಲವೂ ಮಾಳಿಗೆ ಮುಟ್ಟಿಕೊಂಡೇ ಬಂದರೆ ಕೂಡಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಕರಕರ ಕೇಳುತ್ತೆ. ಅದಕ್ಕಿಂತ ಕೆಟ್ಟದ್ದು, ಬಾಗಿಲ ಚಿಲಕವೂ ಹಾರ್ನೂ ಒಂದೇ ಜೋರಾಗಿಬಿಡುತ್ತವೆ. ನಾನು ಹಾರ್ನನ್ನು ಮೈನಸ್ 3 ಡೆಸಿಬಲ್‌ನಲ್ಲಿ ಇಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಕಿವಿಯಲ್ಲೇ ತಗ್ಗಿಸ್ತೀನಿ. ಗಾಲಿ ಸದ್ದು ಸಾಮಾನ್ಯವಾಗಿ ಮೈನಸ್ 9ರ ಹತ್ತಿರ ಬಂದು ಕೂರುತ್ತೆ.

ಈಗ ಚಿತ್ರ.

ನೀಲಿ ಗೆರೆ ಯಾಕೆ? ಓಪನ್‌ಬಿವಿಇ ಪ್ಯಾನೆಲ್‌ನಲ್ಲಿ, ಅಂದರೆ ಕ್ಯಾಬ್ ಚಿತ್ರದಲ್ಲಿ, ನೀವು ಬೇರೆ ಬಣ್ಣ ಹೇಳದಿದ್ದರೆ ಪಾರದರ್ಶಕ ಬಣ್ಣ ಅಂದರೆ 0,0,255 (ಕೆಂಪು, ಹಸಿರು, ನೀಲಿಯ ಪ್ರಮಾಣ) ಮಾತ್ರ. 0,0,254 ಕೂಡ ಅದರ ಕಣ್ಣಿಗೆ ಮಾಮೂಲಿ ಬಣ್ಣ. ನೀವು ಕಿಟಕಿ ಕತ್ತರಿಸುವಾಗ ಸಾಫ್ಟ್‌ವೇರ್ ಅಂಚನ್ನು ನುಣುಪು ಮಾಡಿದೆ, ಅಂದರೆ ಚೌಕಟ್ಟಿನ ಕಪ್ಪು ಮತ್ತು ನೀಲಿಯ ಮಧ್ಯೆ ಅರ್ಧ ನೀಲಿ ಪಿಕ್ಸೆಲ್‌ಗಳು ಹುಟ್ಟಿವೆ. ಅವೇ ನಿಮ್ಮ ಗೆರೆ. ಜೆಪೆಗ್‌ನಲ್ಲಿ ಸಂಕುಚನ ನೀಲಿಯನ್ನೇ ಅಲ್ಲಲ್ಲಿ ಕದಡುತ್ತೆ, ಚುಕ್ಕೆ ಬಂದದ್ದು ಹಾಗೆ. ನೀಲಿಯಲ್ಲೇ ಇರಬೇಕು ಅಂದರೆ ಮೊದಲು ಚಿತ್ರವನ್ನು ಕೊನೆಯ ಅಳತೆಗೆ ಕುಗ್ಗಿಸಿ, ಆಮೇಲೆ ನುಣುಪು, ಅಂಚು ಮಸುಕಾಗಿಸುವ ಫೆದರ್ ಎರಡನ್ನೂ ಆಫ್ ಮಾಡಿ ನೀಲಿ ತುಂಬಿ. ಮೊದಲು ತುಂಬಿ ಆಮೇಲೆ ಕುಗ್ಗಿಸಿದರೆ ಕುಗ್ಗಿಸುವಾಗ ಮತ್ತೆ ಬೆರಕೆ. ಫಲಕದಲ್ಲಿ ನಿಜಕ್ಕೂ ನೀಲಿ ದೀಪ ಇದ್ದರೆ ಅದಕ್ಕೆ 0,0,250 ಕೊಡಿ, ಇಲ್ಲದಿದ್ದರೆ ದೀಪದ ಜಾಗದಲ್ಲಿ ಹಳಿ ಕಾಣುತ್ತೆ.

ಪಾಯಿಂಟ್ಸ್‌ಮನ್ ಹೇಳಿದ ಆಲ್ಫಾ ಪಿಎನ್‌ಜಿ ಇದಕ್ಕಿಂತ ಉತ್ತಮ. ಆದರೆ ಅದರಲ್ಲೂ ಗೆರೆ ಬರಬಹುದು, ಈ ಸಲ ಬಿಳಿ ಅಥವಾ ಕಪ್ಪು. ಪೂರ್ತಿ ಪಾರದರ್ಶಕ ಪಿಕ್ಸೆಲ್‌ನ ಒಳಗೂ ಒಂದು ಬಣ್ಣ ಅಡಗಿರುತ್ತೆ. ಚಿತ್ರವನ್ನು ಹಿಗ್ಗಿಸುವಾಗ ಕುಗ್ಗಿಸುವಾಗ ಗ್ರಾಫಿಕ್ಸ್ ಕಾರ್ಡ್ ಅಕ್ಕಪಕ್ಕದ ಪಿಕ್ಸೆಲ್ ಬೆರೆಸುತ್ತಲ್ಲ, ಆಗ ಆ ಅಡಗಿದ ಬಣ್ಣ ಅಂಚಿಗೆ ಸೋರಿ ಬರುತ್ತೆ. ಅದಕ್ಕೆ ಪಾರದರ್ಶಕ ಭಾಗದ ಕೆಳಗೆ ಚೌಕಟ್ಟಿನದ್ದೇ ಬಣ್ಣ ಬಳಿದಿರಬೇಕು. ಗಿಂಪ್ ಅನ್ನೋ ಚಿತ್ರ ಎಡಿಟರ್‌ನಲ್ಲಿ ಪಿಎನ್‌ಜಿ ಉಳಿಸುವಾಗ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನು ಉಳಿಸಿಕೊಳ್ಳುವ ಒಂದು ಗುರುತಿನ ಪೆಟ್ಟಿಗೆ ಇದೆ, ಅದನ್ನು ಟಿಕ್ ಮಾಡಿ. ಮರಗಳ ಎಲೆ ಸುತ್ತ ಬಿಳಿ ಪುಡಿ ಉದುರಿದ ಹಾಗೆ ಕಾಣುವ ಎಷ್ಟೋ ರೂಟ್‌ಗಳಿಗೆ (ಸಿಮ್‌ನ ರೈಲು ಮಾರ್ಗಗಳಿಗೆ) ಇದೊಂದೇ ಮದ್ದು.

ಮುಳ್ಳಿನ ಚಿತ್ರ ನೆಟ್ಟಗೆ ಮೇಲಕ್ಕೆ, 12 ಗಂಟೆಯ ಕಡೆ ತೋರಿಸುತ್ತಿರಲಿ, ಕೋನಗಳ ಎಣಿಕೆ ಅಲ್ಲಿಂದಲೇ. ಇನಿಶಿಯಲ್ ಆ್ಯಂಗಲ್ ಮೈನಸ್ 120, ಲಾಸ್ಟ್ ಆ್ಯಂಗಲ್ 120, ಮಾಪಕ 0ಯಿಂದ 120 ಕಿ.ಮೀ. ಇದ್ದರೆ ಒಂದು ಕಿ.ಮೀ.ಗೆ ಎರಡು ಡಿಗ್ರಿ. ಫೋಟೊದಲ್ಲಿರುವ ಮಾಪಕದ ಗೆರೆಗಳು ಈ ಲೆಕ್ಕಕ್ಕೆ ಕೂರದಿದ್ದರೆ ತಪ್ಪು ಲೆಕ್ಕದ್ದಲ್ಲ, ಫೋಟೊದ್ದು. ವೈಡ್ ಲೆನ್ಸ್ ಹತ್ತಿರದಿಂದ ತೆಗೆದ ವೃತ್ತವನ್ನು ಮೊಟ್ಟೆ ಮಾಡಿರುತ್ತೆ. ಮಾಪಕದ ಮುಖವನ್ನು ಮಾತ್ರ ಬೇರೆಯಾಗಿ, ಎದುರಿಂದ, ಸ್ವಲ್ಪ ದೂರ ನಿಂತು ಜೂಮ್ ಮಾಡಿ ತೆಗೆದು ಅಲ್ಲಿ ಕೂರಿಸಿ. ನಾನಂತೂ ಮಾಪಕದ ಮುಖವನ್ನು ಇಂಕ್‌ಸ್ಕೇಪ್‌ನಲ್ಲಿ ಹೊಸದಾಗಿಯೇ ಬರೆದುಬಿಡ್ತೀನಿ, ಗಾಜಿನ ಪ್ರತಿಫಲನದ ಗೋಳೂ ತಪ್ಪುತ್ತೆ. ಅಂಕಿ ತೋರಿಸುವ ಡಿಜಿಟಲ್ ಪಟ್ಟಿಯಾದರೆ ಪ್ರತಿ ಅಂಕಿಗೂ ಸಮ ಎತ್ತರ: ಇಂಟರ್ವಲ್ 24 ಅಂದರೆ ಹತ್ತು ಅಂಕಿಗೆ 240 ಪಿಕ್ಸೆಲ್, ಒಂದೂ ಹೆಚ್ಚು ಕಡಿಮೆ ಬೇಡ.

ರಾತ್ರಿಯ ಪ್ಯಾನೆಲ್ ಅಂದರೆ ಹಗಲಿನದ್ದನ್ನು ಕಪ್ಪು ಮಾಡುವುದಲ್ಲ. ಚೌಕಟ್ಟು ಕತ್ತಲಾಗಲಿ, ಮಾಪಕದ ಹಿಂದಿನ ಬೆಳಕು ಉಳಿಯಲಿ. ಮುಳ್ಳಿಗೂ ರಾತ್ರಿ ಚಿತ್ರ ಬೇಕು. ಎರಡೂ ಚಿತ್ರದ ಅಳತೆ ಒಂದೇ ಇರಬೇಕು, ಯಾಕಂದ್ರೆ ಸುರಂಗಕ್ಕೆ ನುಗ್ಗುವಾಗ ಸಿಮ್ ಒಂದರಿಂದ ಇನ್ನೊಂದಕ್ಕೆ ಕರಗಿಸಿಕೊಂಡು ಹೋಗುತ್ತೆ.

ನಿಲ್ದಾಣದ ತಡವರಿಕೆ. ಡಿಸ್ಕ್‌ನಲ್ಲಿ ಪಿಎನ್‌ಜಿ ಎಷ್ಟು ಚಿಕ್ಕದು ಅನ್ನೋದು ಗ್ರಾಫಿಕ್ಸ್ ಕಾರ್ಡಿಗೆ ಬೇಕಿಲ್ಲ. ಅಲ್ಲಿಗೆ ಹೋಗುವಾಗ ಅದು ಪೂರ್ತಿ ಬಿಚ್ಚಿಕೊಳ್ಳುತ್ತೆ: 4096 × 4096, ಪಿಕ್ಸೆಲ್‌ಗೆ 4 ಬೈಟ್, ಒಟ್ಟು 64 ಎಂಬಿ. ದೂರದಲ್ಲಿ ಬಳಸುವ ಕುಗ್ಗಿಸಿದ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್‌ಗಳು ಸೇರಿದರೆ ಇನ್ನೂ ಮೂರನೇ ಒಂದು ಪಾಲು ಹೆಚ್ಚು, ಸುಮಾರು 85. ಅಂಥವು ಹತ್ತು ಒಟ್ಟಿಗೆ ಬಂದರೆ 850 ಎಂಬಿ ಬರೀ ಗೋಡೆಗೆ. 2048 ಆದರೆ ಮೂಲಕ್ಕೆ 16, 1024 ಆದರೆ 4. ಡಿಡಿಎಸ್ ಅನ್ನೋ ಚಿತ್ರ ಫೈಲು ಒಪ್ಪುವ ಸಿಮ್‌ಗಳಲ್ಲಿ ಡಿಎಕ್ಸ್‌ಟಿ5 ಸಂಕುಚನ ಬಳಸಿದರೆ ಪಿಕ್ಸೆಲ್‌ಗೆ ಒಂದೇ ಬೈಟ್, ಡಿಎಕ್ಸ್‌ಟಿ1 ಆದರೆ ಅರ್ಧ. ಕಾರ್ಡಿನ ಒಳಗೂ ಅದು ಹಾಗೇ ಮಡಚಿಕೊಂಡಿರುತ್ತೆ.

ಅಳತೆ 2ರ ಘಾತದಲ್ಲೇ ಇರಲಿ: 256, 512, 1024. ಚಿತ್ರ ಬಿಡಿಸುವ ಗ್ರಾಫಿಕ್ಸ್ ವ್ಯವಸ್ಥೆಯಾದ ಓಪನ್‌ಜಿಎಲ್ 2.0 2004ರಲ್ಲಿ ಬಂದ ಮೇಲೆ ಇದು ಕಡ್ಡಾಯ ಅಲ್ಲ ನಿಜ. ಆದರೆ ಮಿಪ್‌ಮ್ಯಾಪ್ ಅರ್ಧರ್ಧವಾಗಿ ಇಳಿಯುತ್ತಾ ಹೋಗುವಾಗ ಈ ಅಳತೆಗಳು ಮಾತ್ರ ಶೇಷವಿಲ್ಲದೆ 1ಕ್ಕೆ ಮುಟ್ಟುತ್ತವೆ, ಹಳೇ ಸಿಮ್‌ಗಳು ಬೇರೆ ಅಳತೆ ಕೊಟ್ಟರೆ ತಾವೇ ಎಳೆದು ಮಬ್ಬು ಮಾಡುತ್ತವೆ. ಚೌಕವೇ ಆಗಬೇಕಿಲ್ಲ, 1024 × 256 ಪ್ಲಾಟ್‌ಫಾರಂ ಅಂಚಿಗೆ ಹೇಳಿ ಮಾಡಿಸಿದ್ದು. ಚಿಕ್ಕ ಚಿಕ್ಕ ಫಲಕಗಳನ್ನೆಲ್ಲ ಒಂದೇ ಹಾಳೆಯಲ್ಲಿ ಜೋಡಿಸಬಹುದು, ಮಧ್ಯೆ ಕೆಲವು ಪಿಕ್ಸೆಲ್ ಅಂತರ ಬಿಡಿ, ಇಲ್ಲದಿದ್ದರೆ ದೂರದಿಂದ ಒಂದರ ಬಣ್ಣ ಇನ್ನೊಂದಕ್ಕೆ ಹಾಯುತ್ತೆ.

ಜಲ್ಲಿಯ ಚಿತ್ರ ಮಾಡುವವರಿಗೆ ಒಂದು ಮಾತು. ರೂಟ್‌ನ ಬ್ಲಾಕ್, ಅಂದರೆ ಸಿಮ್ ಹಳಿಯನ್ನು ಜೋಡಿಸುವ ಒಂದು ತುಂಡು, ಮಾಮೂಲಾಗಿ 25 ಮೀಟರ್. ಸ್ಲೀಪರ್ ಅಂತರ 62.5 ಸೆಂ.ಮೀ. ಇಟ್ಟರೆ ಬ್ಲಾಕಿಗೆ ಸರಿಯಾಗಿ 40, ಐದು ಮೀಟರ್ ಚಿತ್ರಕ್ಕೆ 8. ಎಲ್ಲೂ ಅರ್ಧ ಸ್ಲೀಪರ್ ಉಳಿಯಲ್ಲ. ಫೋಟೊ ಮೋಡ ಕವಿದ ದಿನ ತೆಗೆಯಿರಿ. ಬಿಸಿಲಿನ ನೆರಳು ಚಿತ್ರದೊಳಗೇ ಸೇರಿಕೊಂಡರೆ ರೈಲು ಯಾವ ದಿಕ್ಕಿಗೆ ತಿರುಗಿದರೂ ಜಲ್ಲಿಯ ನೆರಳು ಅದರ ಜೊತೆಗೇ ತಿರುಗುತ್ತೆ.

ಲೂಪ್‌ಲೈನ್

ಸರ್, ಸ್ಪೆಕ್ಟ್ರೊಗ್ರಾಮ್ ನೋಡಿ ಬೆರಗಾದೆ. ಹೊರಟಾಗ ಮಟ್ಟಸ ಗೆರೆಗಳು, ಆಮೇಲೆ ಗರಗಸದ ಹಲ್ಲಿನ ಥರ ಮೂರು ಏರು. ಆ ಮೂರಕ್ಕೂ ಬೇರೆ ಬೇರೆ ತುಣುಕು ಕೊಟ್ಟು ಪಟ್ಟಿ ಬರೆದೆ, ಸೊಳ್ಳೆ ಹೋಯಿತು. ರನ್ ಫೈಲು 1.5 ಪಟ್ಟು ಏರಿಸಿದ ಮೇಲೆ 60ರಲ್ಲಿ 60ರ ಹಾಗೇ ಕೇಳುತ್ತಿದೆ. ಗೋಡೆಗಳನ್ನೆಲ್ಲ 1024ಕ್ಕೆ ಇಳಿಸಿದೆ, ಪಾಯಿಂಟ್ಸ್‌ಮನ್ ಅವರ ಇರುವೆಗಳು ಕಾಣುತ್ತಿಲ್ಲ, ತಡವರಿಕೆಯೂ ಇಲ್ಲ. ಕ್ಯಾಬ್ ಚಿತ್ರ ಇನ್ನೂ ಕತ್ತರಿಸುತ್ತಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಹಾರ್ನ್‌ಗೆ ಒಂದೇ ಫೈಲು ಕೊಟ್ಟಿದ್ದೇನೆ. ಗುಂಡಿ ಬಿಟ್ಟರೂ ಅದು ತನ್ನ ಪಾಡಿಗೆ ಪೂರ್ತಿ ಕೂಗಿಯೇ ನಿಲ್ಲುತ್ತೆ. ಚಿಕ್ಕದಾಗಿ ಒಮ್ಮೆ ‘ಪೀಂ’ ಅನ್ನಿಸೋಕೆ ಆಗಲ್ಲವಾ?

ಹಳೇ ಕಂಬಿ

ಆಗುತ್ತೆ. ಹಾರ್ನನ್ನು ಮೂರು ಫೈಲು ಮಾಡಿ: ಗಾಳಿ ನುಗ್ಗಿ ಸ್ವರ ಏಳುವ ಶುರು, ಸ್ಥಿರವಾದ ನಡು, ಗಾಳಿ ಬಿಟ್ಟು ಸ್ವರ ಇಳಿಯುವ ಕೊನೆ. ಯಾವ ಸದ್ದಿಗೆ ಯಾವ ಫೈಲು ಅಂತ ಬರೆಯುವ ಸೌಂಡ್ ಸಿಎಫ್‌ಜಿ ಫೈಲಿನ ಹಾರ್ನ್ ವಿಭಾಗದಲ್ಲಿ ಪ್ರೈಮರಿ ಸ್ಟಾರ್ಟ್, ಪ್ರೈಮರಿ ಲೂಪ್, ಪ್ರೈಮರಿ ಎಂಡ್ ಅಂತ ಮೂರಕ್ಕೂ ಜಾಗ ಇದೆ; ತೀರಾ ಹಳೇ ಆವೃತ್ತಿ ಆದರೆ ಮೊದಲು ಅದನ್ನು ನವೀಕರಿಸಿ. ನಡುವಿನ ಭಾಗವನ್ನು ಗಾಲಿ ಸದ್ದಿನ ಹಾಗೆ ಅಡ್ಡ ಬೆರೆಸಲು ಹೋಗಬೇಡಿ. ಎರಡು ಸ್ವರದ ಹಾರ್ನ್ ಆದರೆ ಬೆರೆಸಿದ ಕಡೆ ಸ್ವರ ಅಲುಗುತ್ತೆ. ಅಲ್ಲಿ ಅಲೆಯನ್ನೇ ಹಿಗ್ಗಿಸಿ ನೋಡಿ, ಎರಡೂ ಸ್ವರ ಸೇರಿ ಒಂದೇ ಆಕಾರ ಮರುಕಳಿಸುವ ಜಾಗ ಹುಡುಕಿ ಅಲ್ಲಿ ಕತ್ತರಿಸಿ. ಮುಚ್ಚಿದ ಶೆಡ್ಡಿನಲ್ಲಿ ಹಿಡಿದ ರೆಕಾರ್ಡಿಂಗ್ ಬೇಡ, ಗೋಡೆಯ ಪ್ರತಿಧ್ವನಿ ಸೇರಿಕೊಂಡು ಬಯಲಿನಲ್ಲೂ ಸುರಂಗದ ಸದ್ದು ಬರುತ್ತೆ.

ಮೆಲುದನಿ

ಹೈಪಾಸ್ 30ಕ್ಕೆ ಇಳಿಸಿದೆ ಮಾರಾಯ್ರೇ, ಒಪ್ಪಿದೆ. ಲೂಪ್‌ಲೈನ್, ಕ್ಯಾಬ್ ಚಿತ್ರ ಕತ್ತರಿಸಿ ಮುಗಿದ ಮೇಲೆ ಹಗಲು ರಾತ್ರಿ ಎರಡೂ ಇಲ್ಲಿ ಹಾಕಿ. ಪದರಗಳಿರುವ ಗಿಂಪ್ ಮೂಲವನ್ನು ಮಾತ್ರ ಅಳಿಸಬೇಡಿ, ವೈಪರ್ ಜಾಗ ಬದಲಿಸಬೇಕಾಗಿ ಬಂದೇ ಬರುತ್ತೆ.